ಹೇಳದೆ ಕೇಳದೆ ನಮ್ಮ ಬ್ಯಾಟರಿ ಖಾಲಿ ಮಾಡಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಹೋದ ಡಿಸೆಂಬರಿನಲ್ಲಿ ಸಾಗರದ ನಮ್ಮ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಜೊತೆ 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಹಾಕಿಸಿದ್ದು ನಿಮ್ಮಿಂದಲೇ. ಸೋಲಾರ್‌ಗೆ ಕೇಂದ್ರದ 78,000 ರೂಪಾಯಿ ಸಬ್ಸಿಡಿ ಬಂತು. ಬ್ಯಾಟರಿಯ ದುಡ್ಡು ಪೂರ್ತಿ ನಮ್ಮ ಕೈಯಿಂದಲೇ ಹೋಯಿತು. ಆದರೂ ಹಾಕಿಸಿದ್ದು ಅಮ್ಮನಿಗೋಸ್ಕರ. ಅವರು ರಾತ್ರಿ ಆಕ್ಸಿಜನ್ ಮಿಷನ್ ಇಟ್ಟುಕೊಂಡೇ ಮಲಗಬೇಕು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತೆಂದರೆ ನಮ್ಮ ಕಡೆ ಕರೆಂಟ್ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಇದನ್ನೆಲ್ಲ ನಿಮ್ಮ ಹುಡುಗನಿಗೆ ಮನೆಯಲ್ಲಿ ಕೂರಿಸಿಕೊಂಡು ಹೇಳಿದ್ದೆ.

ಜುಲೈ 14ರ ರಾತ್ರಿ 9:40ಕ್ಕೆ ಕರೆಂಟ್ ಹೋಯಿತು. ಬ್ಯಾಟರಿಯಲ್ಲಿ ಉಳಿದಿದ್ದು ಬರೀ 12%. ಅರ್ಧ ಗಂಟೆ ದಾಟುವಷ್ಟರಲ್ಲಿ ಇನ್ವರ್ಟರ್ ಕೂಗಿಕೊಂಡು ನಿಂತಿತು. ಆ ಮಿಷನ್ ಎಳೆಯುವುದು 350 ವ್ಯಾಟ್. ಹತ್ತು ಗಂಟೆ ಓಡಿದರೂ ಮೂರೂವರೆ ಯೂನಿಟ್ ಸಾಕು. ಬ್ಯಾಟರಿ ತುಂಬಿದ್ದರೆ ಬೆಳಗಿನ ತನಕ ಚಿಂತೆ ಇರಲಿಲ್ಲ. ಮನೆಯಲ್ಲಿದ್ದ ಸಣ್ಣ ಸಿಲಿಂಡರ್ ಹಾಕಿದೆವು. ಅದರ ಮುಳ್ಳು ಕೆಳಗಿಳಿಯುವುದನ್ನು ಟಾರ್ಚ್ ಬೆಳಕಿನಲ್ಲಿ ನೋಡುತ್ತಾ ಕೂತೆವು. ಕರೆಂಟ್ ಬಂದಿದ್ದು 1:15ಕ್ಕೆ.

ಬೆಳಿಗ್ಗೆ ಆ್ಯಪ್ ನೋಡಿದರೆ, ಸಂಜೆ 6:30ರಿಂದ 8:30ರವರೆಗೆ ನಮ್ಮ ಬ್ಯಾಟರಿ ಲೈನಿಗೆ ಕರೆಂಟ್ ಕೊಟ್ಟಿದೆ. ಫೋನ್ ಮಾಡಿದಾಗ ನಿಮ್ಮವರು, ‘ನೀವು ವರ್ಚುವಲ್ ಪವರ್ ಪ್ಲಾಂಟ್ ಪ್ಲ್ಯಾನ್‌ನಲ್ಲಿದ್ದೀರಿ ಮೇಡಂ, ಅದನ್ನು ಇಲ್ಲಿಂದಲೇ ನಡೆಸ್ತೇವೆ’ ಎಂದರು. ಅಂದರೆ ಮನೆಮನೆಯ ಬ್ಯಾಟರಿಗಳನ್ನು ಒಟ್ಟುಗೂಡಿಸಿ, ಒಂದೇ ವಿದ್ಯುತ್ ಕೇಂದ್ರದ ಹಾಗೆ ದೂರದಿಂದ ನಡೆಸುವ ಪ್ಲ್ಯಾನ್. ಮಾರುವಾಗ ಆಸ್ಟ್ರೇಲಿಯಾದಲ್ಲಿ ಜನ ಇದರಿಂದ ದುಡಿಯುತ್ತಾರೆ ಎಂದಿದ್ದರು. ನನ್ನ ಮಗಳು ಅಡಿಲೇಡ್‌ನಲ್ಲೇ ಇದ್ದಾಳೆ. ಅವರ ಮನೆಯ ಬ್ಯಾಟರಿಯೂ ಇಂಥದ್ದರಲ್ಲಿದೆ. ಆದರೆ ಅವರ ಒಪ್ಪಂದದಲ್ಲಿ 20% ಮನೆಗೇ ಮೀಸಲು. ಅದನ್ನು ಕಂಪನಿ ಮುಟ್ಟುವಂತಿಲ್ಲ. ಅಲ್ಲಿ 2021ರ ಅಕ್ಟೋಬರ್‌ನಿಂದ ಸಗಟು ಕರೆಂಟಿನ ಲೆಕ್ಕ 5 ನಿಮಿಷಕ್ಕೊಮ್ಮೆ ಆಗುತ್ತದೆ. ಸಂಜೆ ದರ ಏರಿದಾಗ ಕೊಟ್ಟವರಿಗೆ ಬೆಲೆ ಸಿಗುತ್ತದೆ.

ಲೈನಿಗೆ ಕೊಟ್ಟ ಯೂನಿಟ್ಟನ್ನು ತೆಗೆದುಕೊಂಡಿದ್ದರಲ್ಲಿ ಕಳೆಯುವ ನಮ್ಮ ನೆಟ್ ಮೀಟರ್ ಬಿಲ್ಲಿನಲ್ಲಿ ಹಾಗೇನಿಲ್ಲ. ಹಗಲು ಕೊಟ್ಟ ಯೂನಿಟ್ಟಿಗೂ ರಾತ್ರಿ ಕೊಟ್ಟಿದ್ದಕ್ಕೂ ಒಂದೇ ಲೆಕ್ಕ. ಬ್ಯಾಟರಿಗೆ 10 ಯೂನಿಟ್ ತುಂಬಿದರೆ ವಾಪಸ್ ಬರುವುದು 9ರ ಆಸುಪಾಸು. ಅಂದರೆ ಹಗಲೇ ನೇರ ಲೈನಿಗೆ ಬಿಟ್ಟಿದ್ದರೆ ನಮಗೆ ಜಾಸ್ತಿ ಸಿಗುತ್ತಿತ್ತು, ಅಲ್ವಾ? ಸುಮ್ನೆ ದಿನಾ ತುಂಬಿಸಿ ಖಾಲಿ ಮಾಡಿ ಬ್ಯಾಟರಿಯ ಆಯಸ್ಸೂ ಸವೆಸಿದಿರಿ. ಇದಕ್ಕೆ ವರ್ಷಕ್ಕೆ 6,000 ರೂಪಾಯಿ ಶುಲ್ಕ ಬೇರೆ.

ನೂರಾರು ಮನೆಗಳ ಬ್ಯಾಟರಿ ಒಟ್ಟುಗೂಡಿಸಿ ಊರಿಗೆ ಬೆಳಕು ಕೊಡುವುದು ಒಳ್ಳೆಯ ಕೆಲಸ. ನಮ್ಮಲ್ಲೂ ಸರಿಯಾದ ದರ, ಸರಿಯಾದ ಒಪ್ಪಂದ ಬಂದರೆ ಖುಷಿಯಿಂದ ಸೇರುತ್ತೇನೆ. ಆದರೆ ಎಷ್ಟು ಕೊಡಬೇಕು, ಯಾವತ್ತು ಕೊಡಬಾರದು ಎನ್ನುವುದು ಮನೆಯವರ ಕೈಯಲ್ಲಿರಬೇಕು.

ನಮ್ಮನ್ನು ಆ ಪ್ಲ್ಯಾನ್‌ನಿಂದ ಇವತ್ತೇ ತೆಗೆಯಿರಿ. ದೂರದಿಂದ ನಡೆಸುವ ಅನುಮತಿ ರದ್ದು ಮಾಡಿ, ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ನನಗೆ ಕೊಡಿ. ಡಿಸೆಂಬರಿನಿಂದ ಯಾವ ದಿನ ಎಷ್ಟು ಯೂನಿಟ್ ತೆಗೆದಿರಿ ಎನ್ನುವ ಲೆಕ್ಕ ಬರಹದಲ್ಲಿ ಬೇಕು. 6,000 ರೂಪಾಯಿ ವಾಪಸ್ ಬೇಕು. 15 ದಿನದಲ್ಲಿ ಉತ್ತರ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಆ ದಿನದ ಆ್ಯಪ್‌ನ ಸ್ಕ್ರೀನ್‌ಶಾಟ್ ಮತ್ತು ಬಿಲ್ಲುಗಳ ಪ್ರತಿ ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕಿ, ಸಾಗರ