ಐರಿಷ್ ಕುಣಿತಕ್ಕೆ ಬೇಕಾದದ್ದು ವಿಗ್ಗಲ್ಲ, ಹಲಗೆ

ಮಾನ್ಯ ಸಂಪಾದಕರೇ,

ನಮ್ಮೂರಿನ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮಕ್ಕಳು ಪ್ರದರ್ಶಿಸಿದ ಐರಿಷ್ ನೃತ್ಯದ ಚಿತ್ರವು ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಮನಸೆಳೆದ ಟ್ಯಾಪ್ ಡ್ಯಾನ್ಸ್’ ಎಂಬ ಅಡಿಬರಹದೊಂದಿಗೆ ಪ್ರಕಟವಾಗಿತ್ತು. ಆ ಸಂಜೆ ನಾನೂ ಪ್ರೇಕ್ಷಕರ ನಡುವೆ ಇದ್ದೆ. ಮೂವತ್ತು ವರ್ಷ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು ನಾನು. ಡಬ್ಲಿನ್‌ನಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳಿದ್ದಾಗ ಮೊಮ್ಮಗಳನ್ನು ವಾರಕ್ಕೆರಡು ಬಾರಿ ಈ ನೃತ್ಯದ ತರಗತಿಗೆ ಕರೆದೊಯ್ದು, ಗೋಡೆಬದಿಯ ಬೆಂಚಿನ ಮೇಲೆ ಕುಳಿತು ನೋಡಿದವಳೂ ಹೌದು. ಆದ್ದರಿಂದ ಚಿತ್ರದಲ್ಲಿ ಕಾಣದ ಒಂದು ಸಂಗತಿಯನ್ನು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಮಕ್ಕಳು ಕುಣಿದದ್ದು ಗ್ರಾನೈಟ್ ಹಾಸಿದ ವೇದಿಕೆಯ ಮೇಲೆ, ಅಟ್ಟೆಗೆ ಕಬ್ಬಿಣದ ಲಾಳ ಹೊಡೆಸಿದ ಶಾಲೆಯ ಬೂಟುಗಳನ್ನು ತೊಟ್ಟು. ಚಪ್ಪಾಳೆ ನಿಂತ ಮೇಲೆ ಇಬ್ಬರು ಹುಡುಗಿಯರು ಮೆಟ್ಟಿಲ ಮೇಲೆ ಕುಳಿತು ಕಣಕಾಲನ್ನು ಒತ್ತಿಕೊಳ್ಳುತ್ತಿದ್ದರು.

ಮೊದಲಿಗೆ, ಅದು ಟ್ಯಾಪ್ ಅಲ್ಲ. ಟ್ಯಾಪ್ ಅಮೆರಿಕದಲ್ಲಿ ಬೆಳೆದ ನೃತ್ಯ. ಅದರ ಬೇರುಗಳಲ್ಲಿ ಆಫ್ರಿಕಾ ಮೂಲದವರ ಹೆಜ್ಜೆಗಳ ಜೊತೆಗೆ ಐರಿಷ್ ಹೆಜ್ಜೆಗಳೂ ಇವೆಯಾದರೂ, ಲೋಹದ ತಗಡು ಇರುವುದು ಟ್ಯಾಪ್ ಬೂಟಿಗೆ. ಐರಿಷ್ ನರ್ತಕರ ಗಟ್ಟಿ ಬೂಟಿನ ತುದಿಗೂ ಹಿಮ್ಮಡಿಗೂ ಈಗ ಫೈಬರ್‌ಗ್ಲಾಸ್ ಇರುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಐರ್ಲೆಂಡಿನಲ್ಲಿ ಮಕ್ಕಳು ಸದ್ದು ಮಾಡುವ ಬೂಟಿನಿಂದ ಕಲಿಕೆ ಆರಂಭಿಸುವುದಿಲ್ಲ. ಮೃದುವಾದ, ಲೇಸು ಕಟ್ಟುವ ತೆಳು ಚರ್ಮದ ಪಾದರಕ್ಷೆಯಲ್ಲಿ ರೀಲ್ ಮತ್ತು ಜಿಗ್ ಎಂಬ ಕುಣಿತಗಳು ಕೈಗೂಡಿದ ಮೇಲಷ್ಟೇ ಗಟ್ಟಿ ಬೂಟಿನ ಸರದಿ. ನಮ್ಮಲ್ಲಿ ಸದ್ದು ಮಾಡುವ ಬೂಟೇ ಮೊದಲ ಪಾಠವಾದದ್ದು ‘ರಿವರ್‌ಡ್ಯಾನ್ಸ್’ ಎಂಬ ಪ್ರಸಿದ್ಧ ಐರಿಷ್ ನೃತ್ಯಪ್ರದರ್ಶನದ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿ ಕಲಿಸಿದ ಫಲ. 1994ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ನಡೆದ ಯೂರೋವಿಷನ್ ಎಂಬ ಯೂರೋಪಿನ ಗೀತಸ್ಪರ್ಧೆಯ ಬಿಡುವಿನಲ್ಲಿ ತೋರಿಸಿದ ಆ ಏಳು ನಿಮಿಷಗಳ ನೃತ್ಯ ಜಗತ್ತನ್ನೇ ಬೆರಗುಗೊಳಿಸಿತೆಂಬುದು ನಿಜ. ಆದರೆ ಅದನ್ನು ಕುಣಿದವರು ಎಳವೆಯಿಂದಲೂ ಸ್ಪರ್ಧೆಗಳಲ್ಲಿ ಪಳಗಿದವರು, ಎರಡು ತಿಂಗಳ ತಾಲೀಮಿನವರಲ್ಲ.

ಆ ಪರಂಪರೆಯಲ್ಲಿ ಕಲಿಕೆಯ ಕ್ರಮದ ಬಗ್ಗೆಯೂ ನೆಲದ ಬಗ್ಗೆಯೂ ಇರುವ ಎಚ್ಚರ ಬಹಳ ಹಳೆಯದು. 18ನೆಯ ಶತಮಾನದಲ್ಲಿ ಊರಿಂದೂರಿಗೆ ತಿರುಗಿ ಕಲಿಸುತ್ತಿದ್ದ ನೃತ್ಯ ಮೇಷ್ಟ್ರುಗಳಿದ್ದರು. ಎಡಬಲ ತಿಳಿಯದ ಹಳ್ಳಿ ಹುಡುಗರ ಒಂದು ಕಾಲಿಗೆ ಹುಲ್ಲಿನ ಹುರಿಯನ್ನೂ ಇನ್ನೊಂದಕ್ಕೆ ಎಳೆಯ ಬರಲನ್ನೂ ಕಟ್ಟಿ ಅವರು ಹೆಜ್ಜೆ ಹೇಳಿಕೊಡುತ್ತಿದ್ದರಂತೆ. (ಒಂದನೆಯ ತರಗತಿಯವರಿಗೆ ಡ್ರಿಲ್ ಕಲಿಸಿದವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣದು.) ಮಣ್ಣಿನ ನೆಲದ ಮನೆಗಳಲ್ಲಿ ಬಾಗಿಲನ್ನೇ ಕಳಚಿ ಮಲಗಿಸಿ ಅದರ ಮೇಲೆ ಕುಣಿಯುವ ರೂಢಿಯೂ ಇತ್ತು. ಮರ ಹೆಜ್ಜೆಗೆ ದನಿ ಕೊಡುತ್ತದೆ, ಬಿದ್ದ ಭಾರವನ್ನು ತಾನು ಒಂದಿಷ್ಟು ತೆಗೆದುಕೊಳ್ಳುತ್ತದೆ. ಕಲ್ಲು ಮತ್ತು ಕಾಂಕ್ರೀಟು ಆ ಭಾರವನ್ನು ಎಲುಬಿಗೇ ಹಿಂದಿರುಗಿಸುತ್ತವೆ. ಬಹುತೇಕ ನೆಗೆತಗಳಿಂದಲೇ ಕೂಡಿದ ಈ ನೃತ್ಯದಲ್ಲಿ ಪಾದದ ಮತ್ತು ಕಣಕಾಲಿನ ಎಲುಬುಗಳಲ್ಲಿ ಕೂದಲೆಳೆಯಂಥ ಬಿರುಕು ಬಿಡುವುದು ನುರಿತವರಿಗೂ ತಪ್ಪಿದ್ದಲ್ಲ.

ನಮ್ಮ ದಾವಣಗೆರೆ ಕಂಪನಿ ನಾಟಕಗಳ ಊರು. ಹಲಗೆಯ ರಂಗದ ಮೇಲೆ ಪಾತ್ರಧಾರಿಯ ಹೆಜ್ಜೆ ಹೇಗೆ ಗುಡುಗುತ್ತದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಕ್ಕಾಲು ಇಂಚಿನ ಪ್ಲೈವುಡ್ ಹಾಳೆಗಳನ್ನು ಅಡಿಗೊಂದರಂತೆ ಜೋಡಿಸಿದ ಮರದ ಪಟ್ಟಿಗಳ ಮೇಲೆ ಬಿಗಿದು, ಪಟ್ಟಿಗಳ ಕೆಳಗೆ ಹಳೆಯ ಲಾರಿ ಟ್ಯೂಬಿನ ತುಂಡುಗಳನ್ನಿಟ್ಟು, ಕೂಡುವೆಡೆಗಳಲ್ಲಿ ಕಾಲು ತೊಡರದಂತೆ ಟೇಪು ಅಂಟಿಸಿದರೆ ಸಾಕು, ಕುಣಿಯುವ ಹಲಗೆ ಸಿದ್ಧ. ಯಾವ ಬಡಗಿಯೂ ಎರಡು ದಿನದಲ್ಲಿ ಮಾಡಿಕೊಡುವ ಕೆಲಸವಿದು. ಅಂದಿನ ಮಕ್ಕಳಿಗೆ ಬಾಡಿಗೆಗೆ ತಂದಿದ್ದ ಗುಂಗುರು ಕೂದಲಿನ ವಿಗ್ಗುಗಳ ಹಣದಲ್ಲಿ ಇದರ ಅರ್ಧವಾದರೂ ಆಗುತ್ತಿತ್ತು.

ತಾಳದ ವಿಷಯದಲ್ಲಿಯೂ ಒಂದು ಮಾತು. ರೀಲ್ ನಾಲ್ಕರ ನಡೆ, ಜಿಗ್ ಮೂರರ ನಡೆ. ಸ್ಲಿಪ್ ಜಿಗ್ ಎಂಬ ಇನ್ನೊಂದು ಬಗೆ ಒಂಬತ್ತರದ್ದಾದರೂ ನಮ್ಮ ಸಂಕೀರ್ಣ ನಡೆಯಂತೆ ನಾಲ್ಕು ಐದಾಗಿ ಒಡೆಯುವುದಿಲ್ಲ, ತಕಿಟ ಮೂರು ಸಲ ಬಂದಂತೆ ಸಾಗುತ್ತದೆ. ಪಕ್ಕಕ್ಕೆ ಸರಿಯುವ ಮೊದಲ ಪಾಠಕ್ಕೆ ‘ಏಳು’ ಎಂದೇ ಹೆಸರು. ಭರತನಾಟ್ಯ ಕಲಿತ ಮಕ್ಕಳು ಅದನ್ನು ಏಳೆಣಿಕೆಯ ಮಿಶ್ರ ಚಾಪು ತಾಳವೆಂದುಕೊಂಡು ಮುಂದೋಡುತ್ತಾರೆ. ವಾಸ್ತವವಾಗಿ ಅದು ಎಂಟು, ಎಂಟನೆಯದು ಮೌನ. ಮೊಣಕಾಲು ಮಡಿಸಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯ ಅಭ್ಯಾಸವನ್ನೂ ಅವರು ಬದಿಗಿಡಬೇಕು. ಇಲ್ಲಿ ಬೆನ್ನು ನೆಟ್ಟಗೆ, ಕೈ ಪಕ್ಕಕ್ಕೆ, ಪಾದ ಹೊರಮುಖವಾಗಿ ಒಂದರ ಮುಂದೊಂದು ಅಡ್ಡಹಾಯ್ದಿರಬೇಕು, ಭಾರವೆಲ್ಲ ಮುಂಗಾಲಿನ ಮೇಲಿರಬೇಕು. ಕೈ ಆಡಿಸದಿರುವುದೇ ಐರಿಷ್ ಲಕ್ಷಣವೆಂದು ತಿಳಿಯಬೇಕಾಗಿಲ್ಲ. ಐರ್ಲೆಂಡಿನ ಪಶ್ಚಿಮದ ಕಾನಮಾರ ಸೀಮೆಯ ಹಳೆಯ ಶೈಲಿಯಲ್ಲಿ ಕೈಗಳು ಸಡಿಲವಾಗಿಯೇ ಇರುತ್ತವೆ.

ಶಾಲೆಗಳಿಗೆ ನನ್ನ ಸಲಹೆ, ಒಂಟಿ ನೃತ್ಯದ ಬದಲು ‘ಕೇಲಿ’ಯಿಂದ ಆರಂಭಿಸಿರಿ ಎಂಬುದು. ಕೇಲಿ ಎಂದರೆ ಗುಂಪಾಗಿ ಕುಣಿಯುವ ಕೂಟ. ಐರಿಷ್ ಭಾಷೆ, ಸಂಸ್ಕೃತಿಗಳನ್ನು ಉಳಿಸಲೆಂದು 1893ರಲ್ಲಿ ಸ್ಥಾಪನೆಯಾದ ಗೇಲಿಕ್ ಲೀಗ್‌ನವರು 1897ರಲ್ಲಿ ಲಂಡನ್‌ನಲ್ಲಿ ಈ ಹೆಸರಿನಿಂದ ಮೊದಲ ಸಾರ್ವಜನಿಕ ಕೂಟವನ್ನು ಏರ್ಪಡಿಸಿದ್ದರು. ‘ವಾಲ್ಸ್ ಆಫ್ ಲಿಮೆರಿಕ್’ ಎಂಬ ಕೇಲಿಯಲ್ಲಿ ಜೋಡಿಗಳು ಎದುರುಬದುರಾಗಿ ನಿಂತು ಮುಂದೆ ಬಂದು ಹಿಂದೆ ಸರಿಯುತ್ತವೆ, ‘ಏಳು’ ಹಾಕಿ ಜಾಗ ಬದಲಿಸುತ್ತವೆ, ಕೈ ಹಿಡಿದು ಸುತ್ತುತ್ತವೆ, ಬಳಿಕ ಬೆನ್ನು ತಿರುಗಿಸಿ ಮುಂದಿನ ಜೋಡಿಯನ್ನು ಎದುರುಗೊಳ್ಳುತ್ತವೆ. ಕೋಲಾಟ ಬಲ್ಲ ಮಕ್ಕಳಿಗೆ ಇದು ಒಂದು ಮಧ್ಯಾಹ್ನದ ಪಾಠ. ಇಡೀ ತರಗತಿ ಕುಣಿಯಬಹುದು, ಹಿಂದಿನ ಸಾಲಿನವರೆಂಬ ಭೇದವಿಲ್ಲ, ಪಿ.ಟಿ. ತರಗತಿಯ ಕ್ಯಾನ್ವಾಸ್ ಬೂಟೇ ಸಾಕು.

ಅಭ್ಯಾಸ ದಿನ ಬಿಟ್ಟು ದಿನ ಇರಲಿ. ಮೊದಲು ಹತ್ತು ನಿಮಿಷ ನಡಿಗೆ ಮತ್ತು ಮೀನಖಂಡದ ವ್ಯಾಯಾಮ ಆಗಲಿ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು ಸಾಕು. ಗಟ್ಟಿ ಬೂಟಿನ ತುದಿಯ ಮೇಲೆ ನಿಲ್ಲುವುದನ್ನು ಎಳೆಯ ಮಕ್ಕಳಿಂದ ಮಾಡಿಸಲೇಬಾರದು. ಎಲುಬಿನ ಮೇಲೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದರೆ, ಎಣ್ಣೆ ತಿಕ್ಕಿ ಮರುದಿನ ಕುಣಿಸುವ ಬದಲು ಮೂಳೆ ವೈದ್ಯರಿಗೆ ತೋರಿಸಬೇಕು.

ಮೊಮ್ಮಗಳು ಜುಲೈನಲ್ಲಿ ಅಲ್ಲಿನ ಬೇಸಿಗೆ ರಜೆಗೆ ದಾವಣಗೆರೆಗೆ ಬರುತ್ತಾಳೆ. ಹಲಗೆ ಹಾಸಿಕೊಳ್ಳಲು ಸಿದ್ಧವಿರುವ ಯಾವುದೇ ಶಾಲೆಗೆ ಅವಳೊಂದಿಗೆ ಹೋಗಿ, ಈ ಕೇಲಿಯನ್ನು ಶುಲ್ಕವಿಲ್ಲದೆ ಕಲಿಸಿಕೊಡಲು ನಾನು ತಯಾರಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ದಾವಣಗೆರೆ