ಮಗಳಿಗೊಂದು ಪತ್ರ: ಹಾಸ್ಟೆಲಿನಿಂದ ಅಮ್ಮನಿಗೆ ಬರೆಯಲಾಗದ್ದು

ಪ್ರೀತಿಯ ಮಗಳೇ,

ನಿನ್ನ ಮಗಳು ಪುಟ್ಟಿಯನ್ನು ವಸತಿ ಶಾಲೆಗೆ ಸೇರಿಸುತ್ತೇವೆ ಅಂತ ಹೇಳುತ್ತಾ, ನಿನ್ನ ಕಾಲದಲ್ಲಿ ಹಾಸ್ಟೆಲ್ ಹೇಗಿತ್ತಮ್ಮ ಅಂತ ನೀನು ಕೇಳಿದೆ. ಫೋನಿನಲ್ಲಿ ನಾನು ಊಟ, ಸ್ನಾನದ ಮಾತಾಡಿ ಮುಗಿಸಿದೆ. ಹೇಳಬೇಕಾದ್ದು ಬೇರೆ ಇದೆ. ಅದನ್ನು ಬರೆದೇ ಹೇಳಬೇಕು.

ನಾನು ಮೈಸೂರಿನ ಹಾಸ್ಟೆಲ್ ಸೇರಿದ್ದು 1956ರ ಜೂನ್‌ನಲ್ಲಿ, ಹದಿಮೂರನೇ ವಯಸ್ಸಿಗೆ. ನಮ್ಮೂರಿನಲ್ಲಿ ಮಿಡ್ಲ್ ಸ್ಕೂಲಿಗೇ ಓದು ಮುಗಿಯುತ್ತಿತ್ತು. ಹೈಸ್ಕೂಲು ಬೇಕಾದರೆ ಊರು ಬಿಡಬೇಕು. ಗಂಡುಹುಡುಗರು ಪೇಟೆಯಲ್ಲಿ ವಾರಾನ್ನ ಉಂಡಾದರೂ ಓದುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಊಟ, ಯಾರದೋ ಜಗಲಿಯಲ್ಲಿ ನಿದ್ದೆ. ಹೆಣ್ಣುಮಕ್ಕಳಿಗೆ ಆ ದಾರಿ ಎಲ್ಲಿತ್ತು? ಹಾಸ್ಟೆಲ್ ಸಿಕ್ಕರೆ ಓದು, ಸಿಗದಿದ್ದರೆ ಮದುವೆ. ಆ ಕಟ್ಟಡದ ಬಗ್ಗೆ ಇವತ್ತಿಗೂ ನನಗೆ ಪ್ರೀತಿ ಇರುವುದು ಅದಕ್ಕೇ.

ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುತ್ತು, ಒಂದು ಚೊಂಬು. ಇಷ್ಟೇ ನನ್ನ ಆಸ್ತಿ. ಬೆಳಗಿನ ಜಾವ ಗಂಟೆ ಹೊಡೆದರೆ ಎಲ್ಲರೂ ಬಚ್ಚಲ ಮುಂದೆ ಸಾಲು. ಹಂಡೆಯ ಬಿಸಿನೀರು ಮೊದಲು ಎದ್ದವರಿಗೆ ಮಾತ್ರ. ಒಬ್ಬರ ಜಡೆ ಇನ್ನೊಬ್ಬರು ಹೆಣೆಯಬೇಕು, ರಿಬ್ಬನ್ ಕಟ್ಟಬೇಕು. ಊರಿನಲ್ಲಿ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಓದಿದ್ದವಳಿಗೆ ಕರೆಂಟ್ ದೀಪವೇ ದೊಡ್ಡ ಸಂಭ್ರಮ.

ಬುಧವಾರ ರಾತ್ರಿ ಎಂಟು ಗಂಟೆಗೆ ರೇಡಿಯೋ ಸಿಲೋನಿನಲ್ಲಿ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ ಬರುತ್ತಿತ್ತು. ಆಕಾಶವಾಣಿಯಲ್ಲಿ ಆಗ ಸಿನಿಮಾ ಹಾಡು ಕೇಳಿಸುತ್ತಿದ್ದುದೇ ಅಪರೂಪ. ಸಿನಿಮಾ ಹಾಡು ಹಾಕುವ ಅದರ ವಿವಿಧ ಭಾರತಿ ಶುರುವಾದದ್ದು 1957ರ ಅಕ್ಟೋಬರ್‌ನಲ್ಲಿ. ಪಕ್ಕದ ಮನೆಯವರು ರೇಡಿಯೋ ಹಾಕಿದರೆ ಹುಡುಗಿಯರೆಲ್ಲ ಆ ಕಡೆಯ ಕಿಟಕಿಗೆ ಅಂಟಿಕೊಳ್ಳುತ್ತಿದ್ದೆವು. ಹಿಂದಿ ಒಬ್ಬರಿಗೂ ಸರಿಯಾಗಿ ಬಾರದು. ಆದರೂ ಹಾಡೆಲ್ಲ ಬಾಯಿಪಾಠ!

ಈಗ ಪತ್ರದ ವಿಷಯ.

ವಾರಕ್ಕೊಮ್ಮೆ ಮನೆಗೆ ಪತ್ರ ಬರೆಯಬೇಕು, ಭಾನುವಾರ. ಬರೆದ ಇನ್‌ಲ್ಯಾಂಡನ್ನು, ಅದೇ ಮಡಿಸಿ ಅಂಟಿಸುವ ಅಂಚೆ ಕಾಗದವನ್ನು, ಅಂಟಿಸದೆ ವಾರ್ಡನ್ ಕೈಗೆ ಕೊಡಬೇಕು. ಅವರು ಓದಿ, ಅಂಟಿಸಿ, ಅಂಚೆಗೆ ಹಾಕಿಸುತ್ತಿದ್ದರು. ನಮಗೆ ಬಂದ ಪತ್ರವೂ ಅಷ್ಟೇ, ಒಡೆದ ಮೇಲೆಯೇ ನಮ್ಮ ಕೈಗೆ. ಅವರು ಕೆಟ್ಟವರೇನಲ್ಲ. ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುತ್ತಿದ್ದರು. ಬೇರೆಯವರ ಹೆಣ್ಣುಮಕ್ಕಳು, ಏನಾದರೂ ಹೆಚ್ಚುಕಮ್ಮಿ ಆದರೆ ಅನ್ನುವ ಭಯ. ಆ ಭಯದಲ್ಲೇ ನಿಯಮಗಳೆಲ್ಲ ಹುಟ್ಟಿದ್ದು.

ಇತ್ತ ಇವರು ಓದಿದರೆ ಅತ್ತ ಅಪ್ಪ ಓದಬೇಕು. ನಿನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅದೇನು ನಮ್ಮ ಮನೆಯೊಂದರ ಕಥೆಯಲ್ಲ. 1951ರ ಜನಗಣತಿಯ ಲೆಕ್ಕದಲ್ಲಿ ಇಡೀ ದೇಶದಲ್ಲಿ ನೂರು ಹೆಂಗಸರಲ್ಲಿ ಓದುಬರಹ ಬಲ್ಲವರು ಒಂಬತ್ತು ಮಂದಿಯೂ ಇರಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವುದು, ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ಕೇಳುವುದು. ಹಾಗಾಗಿ ನನ್ನ ಪತ್ರಗಳೆಲ್ಲ ಒಂದೇ ಥರ. 'ಉಭಯ ಕುಶಲೋಪರಿ ಸಾಂಪ್ರತ. ನಾನು ಕ್ಷೇಮ. ಪಾಠಗಳು ಚೆನ್ನಾಗಿ ನಡೆಯುತ್ತಿವೆ.'

ನಾನು ದೊಡ್ಡವಳಾದದ್ದು ಹಾಸ್ಟೆಲಿನಲ್ಲೇ. ಸೇರಿದ ಮೊದಲ ಮಳೆಗಾಲ. ಏನಾಗಿದೆ ಅಂತಲೇ ಗೊತ್ತಾಗಲಿಲ್ಲ, ಸತ್ತೇ ಹೋಗ್ತೀನಿ ಅಂದುಕೊಂಡೆ. ಬಳ್ಳಾರಿ ಕಡೆಯ ಒಬ್ಬ ದೊಡ್ಡ ಹುಡುಗಿ ಬಚ್ಚಲಿಗೆ ಕರೆದುಕೊಂಡು ಹೋಗಿ, 'ಅಳಬ್ಯಾಡ, ಎಲ್ಲಾರಿಗೂ ಆಗತೈತಿ' ಅಂದಳು. ಹಳೇ ಸೀರೆ ಹರಿದು ಬಟ್ಟೆ ಮಡಿಸಿಕೊಟ್ಟಳು. ಒಗೆದದ್ದನ್ನು ಬಿಸಿಲಿಗೇ ಒಣಗಿಸಬೇಕು ಅಂತ ಹೇಳಿಕೊಟ್ಟಳು. ಮನೆಯಲ್ಲಾಗಿದ್ದರೆ ಮೂರು ದಿನ ಹೊರಗೆ ಕೂರಬೇಕಿತ್ತು. ಇಲ್ಲಿ ಮರುದಿನ ಗಣಿತದ ಟೆಸ್ಟಿಗೆ ಕೂತೆ. ಕೂತಾಗ ಹೊಟ್ಟೆ ನೋಯುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ಆದರೆ ಆ ಭಾನುವಾರ ಇನ್‌ಲ್ಯಾಂಡ್ ಮುಂದಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಅಮ್ಮನಿಗೆ ಇದನ್ನು ಹೇಗೆ ಬರೆಯಲಿ? ವಾರ್ಡನ್ ಓದುತ್ತಾರೆ. ಅಪ್ಪ ಓದುತ್ತಾರೆ, ಅದೂ ಗಟ್ಟಿಯಾಗಿ. 'ನಾನು ಕ್ಷೇಮ' ಅಂತ ಬರೆದು ಕೊಟ್ಟೆ. ಅಮ್ಮನಿಗೆ ವಿಷಯ ಗೊತ್ತಾದದ್ದು ದಸರಾ ರಜೆಗೆ ಊರಿಗೆ ಹೋದಾಗ. 'ಒಬ್ಬಳೇ ಹೇಗೆ ಸಂಭಾಳಿಸಿದೆಯೇ?' ಅಂತ ನನ್ನ ಕೈ ಹಿಡಿದುಕೊಂಡು ಅತ್ತಳು.

ಮರುವರ್ಷದ ಬೇಸಿಗೆ ರಜೆಯಲ್ಲಿ ಅಮ್ಮನಿಗೆ ಅ ಆ ಇ ಈ ಶುರು ಮಾಡಿದೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿತ್ತಲಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದೆವು. ಒತ್ತಕ್ಷರಕ್ಕೆ ಬಂದಾಗ ಅಮ್ಮನಿಗೆ ಸಿಟ್ಟೇ ಬಂತು. ಆದರೂ ಬಿಡಲಿಲ್ಲ. ಆಗಷ್ಟೇ ರೂಪಾಯಿಗೆ ಹದಿನಾರಾಣೆಯ ಬದಲು ನೂರು ನಯಾ ಪೈಸೆ ಬಂದಿತ್ತು, 1957ರ ಏಪ್ರಿಲ್ 1ಕ್ಕೆ. ನಾಲ್ಕಾಣೆಗೆ ಇಪ್ಪತ್ತೈದು ಅಂದರೆ ಸುಲಭ, ಒಂದಾಣೆಗೆ ಆರೂಕಾಲು ಅಂದರೆ ಊರಿಗೆ ಊರೇ ತಲೆ ಕೆರೆದುಕೊಳ್ಳುತ್ತಿತ್ತು. ಅಮ್ಮ ಅಕ್ಷರದ ಜೊತೆಗೆ ಆ ಲೆಕ್ಕವನ್ನೂ ಕಲಿತಳು. ಅವಳದೇ ಕೈಬರಹದ ಮೊದಲ ಕಾರ್ಡು ಬಂದಾಗ ನಾನು ಅದನ್ನು ಇಡೀ ಹಾಸ್ಟೆಲಿಗೆ ತೋರಿಸಿದೆ. ವಾರ್ಡನ್ ಅದನ್ನೂ ಓದಿದ್ದರು, ನಿಜ. ಆದರೆ ಅದನ್ನು ಕೊಡುವಾಗ ಅವರ ಕಣ್ಣೂ ಒದ್ದೆಯಾಗಿತ್ತು.

ಈಗ ನಿನ್ನ ಮಗಳ ಮಾತು. ಅವಳ ಶಾಲೆಯಲ್ಲಿ ವಾರಕ್ಕೊಮ್ಮೆ ಫೋನು, ಅದೂ ಆಫೀಸಿನಲ್ಲಿ ಎಲ್ಲರೆದುರು ಅಂದೆಯಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. ಅವಳಿಗೆ ಹನ್ನೆರಡು ವರ್ಷ. ಸ್ಯಾನಿಟರಿ ಪ್ಯಾಡ್ ಬ್ಯಾಗಿನಲ್ಲಿ ಇಟ್ಟರೆ ಸಾಲದು, ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳು. ಸೇರಿಸುವ ದಿನವೇ ಕೇಳು: ಮಕ್ಕಳ ಪತ್ರ ಒಡೆಯುತ್ತಾರಾ? ಫೋನಿನಲ್ಲಿ ಮಾತಾಡುವಾಗ ಯಾರಾದರೂ ಪಕ್ಕದಲ್ಲಿ ನಿಂತಿರುತ್ತಾರಾ? ಕೇಳಲು ಸಂಕೋಚ ಬೇಡ, ಫೀಸು ಎಷ್ಟು ಅಂತ ಕೇಳುವಷ್ಟೇ ಗಟ್ಟಿಯಾಗಿ ಕೇಳು. ಹೌದು ಅಂದರೆ, ನನ್ನ ಮಗಳ ಪತ್ರ ಒಡೆಯಬೇಡಿ ಅಂತ ಬರೆದುಕೊಟ್ಟು ಬಾ.

ಒಂದು ಕಟ್ಟು ಇನ್‌ಲ್ಯಾಂಡ್ ತರಿಸಿಟ್ಟಿದ್ದೇನೆ. ನಿನ್ನ ವಿಳಾಸ ಅರ್ಧಕ್ಕೆ, ನನ್ನ ವಿಳಾಸ ಅರ್ಧಕ್ಕೆ ಬರೆದು ಮುಂದಿನ ವಾರ ಕಳಿಸುತ್ತೇನೆ. ಅವಳ ಪೆಟ್ಟಿಗೆಗೆ ಹಾಕು. ಬೀಗ ಇರುವ ಪೆಟ್ಟಿಗೆ ಕೊಡಿಸು, ಕೀಲಿ ಅವಳ ಹತ್ತಿರವೇ ಇರಲಿ.

ಇಂತಿ,
ನಿನ್ನ ಅಮ್ಮ