ದಡಾರ–ರುಬೆಲ್ಲಾ ಲಸಿಕೆ ಯಾರಿಗೆ? ಪೋಷಕರಿಗೆ ಒಂದು ಪತ್ರ

ಫೆಬ್ರವರಿ 2017

ಪ್ರೀತಿಯ ಪೋಷಕರಿಗೆ ನಮಸ್ಕಾರಗಳು.

ಬರುವ ಗುರುವಾರ ನಮ್ಮ ಶಾಲೆಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕುತ್ತಾರೆ. ದಡಾರ, ರುಬೆಲ್ಲಾ ಎಂಬ ಎರಡು ಕಾಯಿಲೆಗಳನ್ನು ತಡೆಯುವ ಒಂದೇ ಚುಚ್ಚುಮದ್ದು ಇದು. ಕಳೆದ ವಾರ ಮಕ್ಕಳ ಕೈಯಲ್ಲಿ ಒಪ್ಪಿಗೆ ಚೀಟಿ ಕಳಿಸಿದ್ದೆವು. ಸಹಿಯಾಗಿ ಬಂದದ್ದು ಅರ್ಧದಷ್ಟೂ ಇಲ್ಲ. ಹಲವು ಚೀಟಿಗಳ ಮೇಲೆ ‘ನಮ್ಮ ಮಗುವಿಗೆ ಆಗಲೇ ಹಾಕಿಸಿದೆ, ಬೇಡ’ ಎಂದು ಬರೆದಿದೆ. ಶುಕ್ರವಾರ ಸಂಜೆ ಕೆಲವರು ಶಾಲೆಗೇ ಬಂದು ಕ್ಲಾಸ್ ಟೀಚರ್ ಮೇಲೆ ಜೋರು ಮಾಡಿದಿರಿ. ಶಾಲೆಯವರು ಬಲವಂತ ಮಾಡುತ್ತಿದ್ದಾರೆ ಎಂದಿರಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಬಂದಿರಿ, ಅದು ನನಗೆ ಗೊತ್ತು. ಆದರೆ ಟೀಚರ್ ಮಾಡಿದ್ದು ಚೀಟಿ ಹಂಚುವ ಕೆಲಸ ಮಾತ್ರ. ಕೇಳುವುದಿದ್ದರೆ ನನ್ನನ್ನು ಕೇಳಿ.

ಯಾರಿಗೆ ಹಾಕಬೇಕು ಎಂದು ತೀರ್ಮಾನ ಮಾಡಿದ್ದು ಶಾಲೆಯಲ್ಲ, ಆರೋಗ್ಯ ಇಲಾಖೆ. 9 ತಿಂಗಳು ತುಂಬಿದ, 15 ವರ್ಷ ತುಂಬದ ಎಲ್ಲ ಮಕ್ಕಳಿಗೂ ಈ ಲಸಿಕೆ. ನಾವು ದಾಖಲಾತಿ ಪುಸ್ತಕದ ಹುಟ್ಟಿದ ತಾರೀಕು ನೋಡಿ ಪಟ್ಟಿ ಮಾಡಿದ್ದೇವೆ, ಅಷ್ಟೇ. ಹತ್ತನೇ ಕ್ಲಾಸಿನಲ್ಲಿ 15 ದಾಟಿದವರ ಹೆಸರು ಇಲ್ಲದಿರುವುದು ಅದಕ್ಕೇ. ಅವರನ್ನು ನಾವು ಬಿಟ್ಟಿದ್ದಲ್ಲ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಬರುತ್ತೇನೆ. ‘ಒಮ್ಮೆ ಹಾಕಿಸಿದ ಮೇಲೆ ಮತ್ತೆ ಯಾಕೆ?’

ನಿಮ್ಮ ಹತ್ತಿರ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಒಂಬತ್ತನೇ ತಿಂಗಳಿನ ಸಾಲಿನಲ್ಲಿ ದಡಾರ ಎಂದಿರುತ್ತದೆ. ರುಬೆಲ್ಲಾ ಎಂದಿರುವುದಿಲ್ಲ. ಯಾಕೆಂದರೆ ಇಷ್ಟು ದಿನ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ರುಬೆಲ್ಲಾ ಇರಲೇ ಇಲ್ಲ. ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಲಸಿಕೆಯನ್ನೂ ತಪ್ಪದೆ ಹಾಕಿಸಿದ ಮಗುವಿಗೂ ರುಬೆಲ್ಲಾದ್ದು ಸಿಕ್ಕಿಲ್ಲ. ಇನ್ನು ದಡಾರದ ಎರಡನೇ ಡೋಸ್ ಶುರುವಾದದ್ದೇ 2010ರಿಂದ ಈಚೆಗೆ. ದೊಡ್ಡ ಕ್ಲಾಸಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗಿರುವುದು ಒಂದೇ ಡೋಸ್.

ಒಂದು ಡೋಸ್ ಸಾಲದೇ ಎಂದು ಒಬ್ಬ ತಂದೆ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಒಂಬತ್ತನೇ ತಿಂಗಳಲ್ಲಿ ಹಾಕಿದ ಲಸಿಕೆ 100ರಲ್ಲಿ ಸುಮಾರು 85 ಮಕ್ಕಳಿಗೆ ಹತ್ತುತ್ತದೆ, ಉಳಿದವರಿಗೆ ಹತ್ತುವುದಿಲ್ಲ. ನರ್ಸರಿಯಲ್ಲಿ ಕಾಫಿ ಬೀಜ ಹಾಕಿದರೆ ಎಲ್ಲವೂ ಮೊಳೆಯುವುದಿಲ್ಲ ಅಲ್ವಾ, ಹಾಗೆ. ಆದರೆ ಯಾವ ಮಗುವಿಗೆ ಹತ್ತಿದೆ, ಯಾವುದಕ್ಕೆ ಇಲ್ಲ ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಅದಕ್ಕೇ ಎಲ್ಲರಿಗೂ ಹಾಕುತ್ತಾರೆ. ಹತ್ತಿರುವ ಮಗುವಿಗೆ ಇನ್ನೊಂದು ಡೋಸ್ ಬಿದ್ದರೆ ತೊಂದರೆ ಇಲ್ಲ. ಎರಡು ಡೋಸ್ ಆದವರಲ್ಲಿ 100ಕ್ಕೆ ಸುಮಾರು 97 ಮಂದಿಗೆ ರಕ್ಷಣೆ ಸಿಗುತ್ತದೆ.

ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಹಾಕಿಸಿದವರೂ ಇದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಅದರಲ್ಲಿ ರುಬೆಲ್ಲಾ ಇದೆ, ನಿಜ. ಆದರೂ ನಿಮ್ಮ ಮಗು ಈ ಪಟ್ಟಿಯಲ್ಲಿದೆ. ಹಿಂದೆ ಏನು ಹಾಕಿಸಿದ್ದರೂ, ಎಷ್ಟು ಸಲ ಹಾಕಿಸಿದ್ದರೂ ಈ ಅಭಿಯಾನದ ಡೋಸ್ ಹಾಕಿಸಬಹುದು, ಹಾಕಿಸಬೇಕು. ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ವಾಪಸ್ ಬಂದ ಚೀಟಿಗಳಲ್ಲಿ ಇದ್ದದ್ದು ಇದೊಂದೇ ಕಾರಣ.

‘ರುಬೆಲ್ಲಾ ಬಸುರಿಯರಿಗೆ ಬರುವ ಕಾಯಿಲೆ, ಗಂಡು ಹುಡುಗನಿಗೆ ಯಾಕೆ?’ ಎಂದವರಿಗೆ: ಹುಡುಗನಿಗೆ ಬಂದರೆ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ, ಮೂರು ದಿನದಲ್ಲಿ ವಾಸಿ. ಆದರೆ ಅವನು ಅದನ್ನು ಮನೆಗೆ ತರುತ್ತಾನೆ. ಮನೆಯಲ್ಲಿ ಚಿಕ್ಕಮ್ಮನೋ ಅತ್ತಿಗೆಯೋ ಎರಡು ತಿಂಗಳ ಬಸುರಿ ಇದ್ದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಏಟು ಬೀಳಬಹುದು. ಹುಡುಗರನ್ನು ಬಿಟ್ಟು ಹುಡುಗಿಯರಿಗೆ ಮಾತ್ರ ಹಾಕಿದರೆ ಕಾಯಿಲೆ ಊರಿನಲ್ಲೇ ಸುತ್ತುತ್ತಿರುತ್ತದೆ.

ಕೇರಳ ಗಡಿಯ ಕುಟ್ಟ, ಮಾಕುಟ್ಟದ ಕಡೆ ನೆಂಟರಿರುವವರು ‘ಕೇರಳದಲ್ಲಿ ಕೊಡುತ್ತಿಲ್ಲ, ನಮ್ಮ ಮಕ್ಕಳ ಮೇಲೆ ಪ್ರಯೋಗವಾ?’ ಎಂದಿರಿ. ಪ್ರಯೋಗ ಅಲ್ಲ. ಇಡೀ ದೇಶಕ್ಕೆ ಹಂತ ಹಂತವಾಗಿ ಕೊಡುತ್ತಿದ್ದಾರೆ. ಮೊದಲ ಹಂತದಲ್ಲಿ ಕರ್ನಾಟಕದ ಜೊತೆ ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ ಇವೆ. ಕೇರಳದ ಸರದಿ ಆಮೇಲೆ. ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ‘ಮುಂದೆ ಮಕ್ಕಳಾಗುವುದಿಲ್ಲ’ ಎಂಬ ಮೆಸೇಜ್ ಶುದ್ಧ ಸುಳ್ಳು. ದಯವಿಟ್ಟು ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಇನ್ನೊಂದು ಮಾತು ನನಗೆ ನೋವು ತಂದಿತು. ‘ತೋಟದ ಕೆಲಸಗಾರರ ಲೈನ್ ಮನೆ ಮಕ್ಕಳಿಗೆ ಹಾಕಿ ಸಾಕು, ಕಾಯಿಲೆ ಇರುವುದು ಅಲ್ಲಿ’ ಎಂದರು ಒಬ್ಬರು. ದಡಾರ ಕೆಮ್ಮಿನಲ್ಲಿ, ಸೀನಿನಲ್ಲಿ ಹರಡುತ್ತದೆ. ಕಾಯಿಲೆಯ ಮಗು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಇರಬಲ್ಲದು. ನಮ್ಮಲ್ಲಿ ಪ್ಲಾಂಟರ್ ಮಗ, ಅಸ್ಸಾಂನಿಂದ ಕೆಲಸಕ್ಕೆ ಬಂದವರ ಮಗಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹಾಗೇ ಕೂರುತ್ತಾರೆ, ಮುಂದೆಯೂ. ಆಧಾರ್ ಇಲ್ಲ, ರೇಷನ್ ಕಾರ್ಡ್ ಇಲ್ಲ ಎಂದು ಯಾವ ಮಗುವನ್ನೂ ಬಿಡುವುದಿಲ್ಲ. ತೋಟದಲ್ಲಿ ಕೆಲಸ ಮಾಡಿಸುವವರು ಅವರಿಗೂ ಈ ಪತ್ರ ಓದಿ ಹೇಳಿದರೆ ಉಪಕಾರ.

ಅಂದು ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಆರೋಗ್ಯ ಕೇಂದ್ರದ ಸಿಸ್ಟರ್ ಐಸ್ ಇಟ್ಟ ಡಬ್ಬಿಯಲ್ಲಿ ಲಸಿಕೆ ತರುತ್ತಾರೆ. ಅದು ಪುಡಿ. ನಿಮ್ಮ ಮಕ್ಕಳ ಎದುರಿಗೇ ಕಲಸಿ, ಕಲಸಿದ ಸಮಯವನ್ನು ಬಾಟಲಿಯ ಮೇಲೆ ಬರೆಯುತ್ತಾರೆ. ನಾಲ್ಕು ಗಂಟೆ ಕಳೆದರೆ ಉಳಿದದ್ದನ್ನು ಬಳಸುವುದಿಲ್ಲ. ಪ್ರತಿ ಮಗುವಿಗೂ ಹೊಸ ಸಿರಿಂಜ್, ಒಮ್ಮೆ ಒತ್ತಿದರೆ ಅದು ಲಾಕ್ ಆಗುತ್ತದೆ, ಮತ್ತೆ ತುಂಬಲು ಬರುವುದಿಲ್ಲ. ಬಲ ತೋಳಿಗೆ ಚುಚ್ಚಿ, ಎಡ ಹೆಬ್ಬೆರಳಿಗೆ ಮಾರ್ಕರ್ ಗುರುತು ಹಾಕುತ್ತಾರೆ. ಅರ್ಧ ಗಂಟೆ ಪಕ್ಕದ ಕೋಣೆಯಲ್ಲಿ ಕೂರಿಸುತ್ತೇವೆ, ಇಬ್ಬರು ಟೀಚರ್ ಅಲ್ಲೇ ಇರುತ್ತಾರೆ. ಕೆಲವರಿಗೆ ಕೈ ನೋವು, ಸಣ್ಣ ಜ್ವರ ಬರಬಹುದು. ಪರೀಕ್ಷೆ ಹತ್ತಿರ ಎಂದು ಚಿಂತೆ ಬೇಡ, ಒಂದೆರಡು ದಿನದಲ್ಲಿ ಹೋಗುತ್ತದೆ.

ತಲೆಸುತ್ತಿ ಬೀಳುವವರು ಸಾಮಾನ್ಯವಾಗಿ ಹೆದರಿದವರು, ಇಲ್ಲವೇ ತಿನ್ನದೆ ಬಂದವರು. ಈಗ ಕಾಫಿ ಕೊಯ್ಲಿನ ಕಾಲ, ನೀವೆಲ್ಲ ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗುತ್ತೀರಿ. ಎಷ್ಟೋ ಮಕ್ಕಳು ಬರೀ ಟೀ ಕುಡಿದು ಶಾಲೆಗೆ ಬರುತ್ತಾರೆ. ಆದ್ದರಿಂದ ನಾನು ಕೇಳುವುದು ಇಷ್ಟೇ: ಬುಧವಾರದೊಳಗೆ ಚೀಟಿಗೆ ಸಹಿ ಹಾಕಿ ಕಳಿಸಿ, ಗುರುವಾರ ಬೆಳಗ್ಗೆ ರೊಟ್ಟಿಯೋ ಪುಟ್ಟೋ ಹೊಟ್ಟೆ ತುಂಬ ತಿನ್ನಿಸಿ ಕಳಿಸಿ.

ಅಂದು ಜೋರು ಜ್ವರ ಇದ್ದರೆ ಮನೆಯಲ್ಲೇ ಇರಿಸಿಕೊಳ್ಳಿ. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, ಅಥವಾ ದೊಡ್ಡ ಕಾಯಿಲೆಗೆ ಔಷಧ ನಡೆಯುತ್ತಿದ್ದರೆ ಚೀಟಿಯ ಹಿಂದೆ ಬರೆಯಿರಿ. ಅಂಥವರಿಗೆ ಹಾಕುವ ಮೊದಲು ವೈದ್ಯರನ್ನು ಕೇಳುತ್ತೇವೆ. ಎಲ್ಲ ಓದಿದ ಮೇಲೂ ಬೇಡ ಎನ್ನುವವರ ಮಗುವನ್ನು ಹಿಡಿದು ಕೂರಿಸುವುದಿಲ್ಲ. ಆದರೆ ಸುಮ್ನೆ ‘ಬೇಡ’ ಎಂದು ಬರೆದು ಕಳಿಸುವ ಬದಲು ಒಮ್ಮೆ ಬಂದು ಮಾತಾಡಿ. ಮಂಗಳವಾರ, ಬುಧವಾರ ಸಂಜೆ ಆರರವರೆಗೆ ಶಾಲೆಯಲ್ಲೇ ಇರುತ್ತೇನೆ. ತೋಟದ ಕೆಲಸ ಮುಗಿಸಿ ಹಾಗೇ ಬನ್ನಿ.

ಅಂದು ತಪ್ಪಿಸಿಕೊಂಡವರಿಗೆ ತಿಂಗಳ ಕೊನೆಯೊಳಗೆ ಆರೋಗ್ಯ ಕೇಂದ್ರದಲ್ಲಿ ಹಾಕಿಸಬಹುದು. ಮನೆಯಲ್ಲಿರುವ ಚಿಕ್ಕ ಮಕ್ಕಳಿಗೆ ಅಂಗನವಾಡಿಯಲ್ಲಿ ಹಾಕುತ್ತಾರೆ, ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ